ಊಟವಾದ ಮೇಲೆ ತೆಗೆದುಕೊಳ್ಳುವ ಸಿಟ್ಟು

ಬೇವೂರಿನ ಕನಕಪ್ಪನಿಗೆ ಸಿಟ್ಟು ಬಂದದ್ದನ್ನು ಕಂಡವರು ಊರಲ್ಲಿ ಯಾರೂ ಇರಲಿಲ್ಲ. ಬರುತ್ತಿರಲಿಲ್ಲ ಎಂದಲ್ಲ. ಬಂದ ಸಿಟ್ಟು ಗಂಟಲವರೆಗೆ ಬಂದು, ಅಲ್ಲಿಂದ ಹಿಂದಿರುಗಿ ಹೊಟ್ಟೆಯಲ್ಲಿ ಕೂತುಬಿಡುತ್ತಿತ್ತು. ಬಾಯಿಂದ ಹೊರಡುತ್ತಿದ್ದದ್ದು ಒಂದೇ ಮಾತು, 'ಹೂಂ'. ಬೈಕು ಬೇಕೆಂದರೆ ಹೂಂ. ಪೆಟ್ರೋಲು ಖಾಲಿ ಮಾಡಿ, ಕನ್ನಡಿ ಮುರಿದು ತಂದು ನಿಲ್ಲಿಸಿದರೂ ಹೂಂ. ಊರು ಅವನನ್ನು ದೇವರಂಥ ಮನುಷ್ಯ ಎಂದು ಕರೆಯಿತು. ಹಾಗೆ ಕರೆದಿಟ್ಟರೆ ಮರುದಿನವೂ ಬೈಕು ಕೇಳಬಹುದಲ್ಲ.

ಈ ಹೂಂ ಅವನಿಗೆ ಸುಮ್ಮನೆ ಬಂದದ್ದಲ್ಲ. ತಾಯಿ ತೀರಿಕೊಂಡಾಗ ಅವನಿನ್ನೂ ಅಂಬೆಗಾಲಿನ ಕೂಸು. ಅಕ್ಕ ಮಾರೆವ್ವ, ತಾನೇ ಸಣ್ಣ ಹುಡುಗಿಯಾಗಿದ್ದವಳು, ಶಾಲೆ ಬಿಟ್ಟು ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದಳು. ತನ್ನ ಪಾಲಿನ ರೊಟ್ಟಿಯಲ್ಲಿ ಮೆತ್ತಗಿನ ಭಾಗ ಅವನಿಗೆ ಮುರಿದುಕೊಟ್ಟು ಅಂಚು ತಾನು ತಿಂದಳು. ಅಂಥವಳಿಗೆ ಒಲ್ಲೆ ಅನ್ನಲು ಯಾವ ಬಾಯಿ ಬರುತ್ತದೆ? ಅಕ್ಕನಿಗೆ ಹೂಂ ಅಂದು ಅಂದು ರೂಢಿಯಾಗಿ, ಉಳಿದ ಲೋಕಕ್ಕೂ ಅದನ್ನೇ ಹಂಚುತ್ತ ಬಂದ.

ಮಾರೆವ್ವ ಮದುವೆಯಾಗಿ ಹೋದದ್ದು ಹನುಮನಹಳ್ಳಿಗೆ. ಗಂಡ ಈಗಿಲ್ಲ. ಒಬ್ಬನೇ ಮಗ ಗಾಳೇಶ, ಅಂಜನಾದ್ರಿ ಹತ್ತಿಳಿದು ಬೆವರಿದವರಿಗೆ ಕಬ್ಬಿನಹಾಲು ಮಾರುತ್ತಾನೆ. ಯುಗಾದಿಗೆ ತವರಿಗೆ ಬಂದವಳು ಬೇವು-ಬೆಲ್ಲ ಬಾಯಿಗೆ ಹಾಕಿಕೊಂಡು ಸಲೀಸಾಗಿ ಕೇಳಿಬಿಟ್ಟಳು.

"ತಮ್ಮಾ, ನಿಮ್ಮ ಸಹನಾನ್ನ ನಮ್ಮ ಗಾಳೇಶಗ ಮಾಡ್ಕೊಂತೀನಿ. ಏನಂತಿ?"

"ಹೂಂ ಅಕ್ಕಾ."

ಅದೇ ಸಂಜೆ ಮಗಳು ಸಹನಾ ಹಿತ್ತಲಿಗೆ ಬಂದಳು. ಗಂಗಾವತಿಯಲ್ಲಿ ನರ್ಸಿಂಗ್ ಕೊನೆಯ ವರ್ಷ ಓದುವ ಹುಡುಗಿ, ಹಬ್ಬಕ್ಕೆಂದು ಬಂದಿದ್ದಳು.

"ಅಪ್ಪಾ, ನಾ ಒಲ್ಲೆ. ಗಾಳೇಶ ಛಲೋ ಹುಡುಗ ಅದಾನ, ಇಲ್ಲ ಅನ್ನೂದಿಲ್ಲ. ಆದ್ರ ಅವನ ಕೂಡ ಲಗ್ನ ನನ್ನ ಮನಸಿನ್ಯಾಗ ಇಲ್ಲ. ನಾ ನೌಕರಿ ಮಾಡಬೇಕು. ಮಾರೆವ್ವತ್ತೀಗೆ ನೀನ ಹೇಳು. ನಾ ಹೇಳಿದ್ರ ಹುಡುಗಿಗೆ ಸೊಕ್ಕು ಅಂತಾರ."

"ಹೂಂ ಅವ್ವಾ, ಹೇಳ್ತೀನಿ."

ಒಂದೇ ದಿನ ಎರಡು ಹೂಂ, ಹೊಟ್ಟೆ ಮಾತ್ರ ಒಂದೇ. ಮರುದಿನ ಸ್ನಾನಕ್ಕೆ ಕೂತಾಗ ಹೊಕ್ಕುಳ ಸುತ್ತ ಜೋಳದ ರೊಟ್ಟಿಯಗಲ ಕೆಂಪಗೆ ಗಂಧೆ ಎದ್ದಿತ್ತು. ಕೆರೆದರೆ ಹಿತ, ಕೆರೆದಷ್ಟೂ ಅಗಲ. ಹೆಂಡತಿ ಪಾರಮ್ಮ ನೋಡಿ, "ಪಿತ್ತ ಕೆರಳೇತಿ" ಎಂದು ಪೆಟ್ಟಿಗೆಯಿಂದ ಕರಿ ಕಂಬಳಿ ತೆಗೆದು ಉಜ್ಜಿದಳು. ಗಂಧೆಗೆ ಒರಟು ಕಂಬಳಿ ಉಜ್ಜುವುದು ಅವರ ಕಡೆಯ ಮದ್ದು. ಆ ಕಂಬಳಿಯಾದರೂ ಮಾರೆವ್ವನದೇ. ತಮ್ಮ ಚಿಕ್ಕವನಿದ್ದಾಗ ಅವನ ಮೈಮೇಲೆ ಎದ್ದದ್ದನ್ನೆಲ್ಲ ಅವಳು ಅದರಿಂದಲೇ ಉಜ್ಜಿ ಇಳಿಸುತ್ತಿದ್ದಳು. ಈಗಿನ ಗಂಧೆ ಮಾತ್ರ ಹೊಟ್ಟೆಯಲ್ಲಿ ಉಜ್ಜಿದರೆ ಬೆನ್ನಲ್ಲಿ ಎದ್ದಿತು, ಬೆನ್ನಲ್ಲಿ ಉಜ್ಜಿದರೆ ತೊಡೆಗೆ ಹೋಯಿತು.

ಕನಕಪ್ಪ ಯಲಬುರ್ಗಾದ ಒಂದು ಸರಕಾರಿ ಕಚೇರಿಯಲ್ಲಿ ಜವಾನ. ಸಾಹೇಬರ ಬಾಗಿಲ ಮುಂದಿನ ಸ್ಟೂಲಿನ ಮೇಲೆ ಕೂತು, ಬಂದವರಿಗೆಲ್ಲ "ಸಾಹೇಬ್ರು ಮೀಟಿಂಗಿಗೆ ಹೋಗ್ಯಾರ್ರಿ" ಎನ್ನುವುದು ಅವನ ನೌಕರಿಯ ಮುಖ್ಯ ಭಾಗ. ಈಗ ಆ ಮಾತು ಹೇಳಿದಾಗಲೆಲ್ಲ ಅವನ ಕುತ್ತಿಗೆಯ ಬಲಗಡೆ ಗಂಧೆ ಉಬ್ಬತೊಡಗಿತು. ಸಾಹೇಬರು ನಿಜವಾಗಿ ಮೀಟಿಂಗಿಗೆ ಹೋದ ದಿನ ಕುತ್ತಿಗೆ ತೊಳೆದಿಟ್ಟಂತೆ ಸ್ವಚ್ಛ. ರೈತರೇನು ದಡ್ಡರೇ? ಕೆಲವೇ ದಿನಗಳಲ್ಲಿ ಅವರು ಇವನ ಮಾತು ಕೇಳುವುದನ್ನು ಬಿಟ್ಟರು. "ಕನಕಪ್ಪಾ, ಕುತ್ತಿಗಿ ತೋರ್ಸು" ಎನ್ನುವುದು, ನೋಡುವುದು, "ಒಳಗ ಅದಾರ ಬರ್ರಿ" ಎಂದು ಬಾಗಿಲು ತಳ್ಳಿಕೊಂಡು ನುಗ್ಗುವುದು.

ಸಾಹೇಬರಿಗೆ ಇದು ಹಿಡಿಸಲಿಲ್ಲ. ಉಣ್ಣೆಯ ಮಫ್ಲರ್ ಒಂದನ್ನು ತರಿಸಿ, "ಡ್ಯೂಟಿ ಟೈಮಿನ್ಯಾಗ ಇದನ್ನ ಸುತ್ಕೊಳಪ್ಪಾ, ನಡೀತೈತಲ್ಲ?" ಎಂದರು. ಹೊರಗೆ ಡಾಂಬರು ಮೆತ್ತಗಾಗುವಂಥ ಬಿಸಿಲು.

"ಹೂಂ ರೀ" ಎಂದ ಕನಕಪ್ಪ. ಮಫ್ಲರಿನ ಮೇಲ್ಗಡೆ, ಕಿವಿಯ ಹಿಂದೆ, ಹೊಸದೊಂದು ಎದ್ದಿತು.

ಕೊನೆಗೆ ಪಾರಮ್ಮ ಅವನನ್ನು ಕೊಪ್ಪಳಕ್ಕೆ, ಚರ್ಮದ ಡಾಕ್ಟರಾದ ಶಮಾ ಅವರ ದವಾಖಾನೆಗೆ ಎಳೆದುಕೊಂಡು ಹೋದಳು. ಡಾಕ್ಟರು ಕಣ್ಣು, ನಾಲಿಗೆ, ಗಂಧೆ ಎಲ್ಲ ನೋಡಿ, "ಮನಸಿಗೆ ಏನರ ಚಿಂತಿ ಐತೇನ್ರಿ?" ಎಂದು ಕೇಳಿದರು.

"ಏನಿಲ್ರಿ. ಎಲ್ಲಾ ಛಲೋ ಐತ್ರಿ."

ಹೇಳುತ್ತಿದ್ದಂತೆ ಮೊಣಕೈ ಹತ್ತಿರ ಒಂದು ಗಂಧೆ ಎಲ್ಲರ ಕಣ್ಣೆದುರೇ ಎದ್ದು ಕೂತಿತು. ಡಾಕ್ಟರು ಪೆನ್ನು ಕೆಳಗಿಟ್ಟರು.

"ಆಫೀಸಿನ್ಯಾಗ?"

"ಛಲೋ ಐತ್ರಿ."

ಅದರ ಪಕ್ಕದಲ್ಲಿ ಇನ್ನೊಂದು.

"ಮನ್ಯಾಗ?"

"ಅದೂ ಛಲೋ..."

"ಸಾಕು ಬಿಡ್ರಿ, ಜಾಗಾ ಉಳಿಯೂದಿಲ್ಲ" ಎಂದರು ಡಾಕ್ಟರು. "ನೋಡ್ರಿ, ಮನಸು, ಚರ್ಮ ಎರಡೂ ಗ್ವಾಡಿಗೆ ಗ್ವಾಡಿ ಹತ್ತಿದ ಮನಿ ಇದ್ದಂಗ. ಅಲ್ಲಿ ಒಲಿ ಹಚ್ಚಿದ್ರ ಇಲ್ಲಿ ಹೊಗಿ ಬರ್ತೈತಿ. ಎಲ್ಲಾರ ಗಂಧಿನೂ ಹಂಗ ಅಂತಲ್ಲ, ನಿಮ್ಮದಂತೂ ಹಂಗ ಕಾಣ್ತೈತಿ. ಗುಳಿಗಿ ಕೊಡ್ತೀನಿ, ಆದ್ರ ಗುಳಿಗಿದು ಅರ್ಧಾ ಕೆಲಸ. ಬಂದ ಸಿಟ್ಟು ನುಂಗಬ್ಯಾಡ್ರಿ, ಹೊರಗ ಹಾಕ್ರಿ."

ಪಾರಮ್ಮನಿಗೆ ಔಷಧದ ವಿಷಯದಲ್ಲಿ ಅರ್ಧಮರ್ಧ ತಿಳಿದುಕೊಂಡು ಹೋಗುವ ಅಭ್ಯಾಸವಿಲ್ಲ. "ಸಿಟ್ಟು ಎಷ್ಟು ಹೊತ್ತು ತಗೋಬೇಕ್ರಿ? ಊಟಕ್ಕ ಮೊದಲೋ, ಆಮ್ಯಾಲೋ?" ಎಂದು ಕೇಳಿದಳು.

ಡಾಕ್ಟರಿಗೆ ನಗು ತಡೆಯಲಿಲ್ಲ. "ಮೂರೂ ಹೊತ್ತು, ಊಟಾದ ಮ್ಯಾಲ" ಎಂದರು. ಅವರು ನಗೆಗೆ ಹೇಳಿದ ಮಾತನ್ನು ಪಾರಮ್ಮ ಸೆರಗಿನಲ್ಲಿ ಗಂಟು ಹಾಕಿಕೊಂಡು ಊರಿಗೆ ತಂದಳು.

ಮರುದಿನ ಬೆಳಿಗ್ಗೆ ರೊಟ್ಟಿ-ಪುಂಡಿಪಲ್ಲೆ ಮುಗಿಯುತ್ತಲೇ ಆಕೆ ತಾಟು ಎತ್ತಿಟ್ಟು, ಸೆರಗು ಬಿಗಿದು, ಗಂಡನೆದುರು ಚಕ್ಕಳಮಕ್ಕಳ ಹಾಕಿ ಕೂತಳು.

"ಹಂ, ಬೈರಿ."

"ಯಾರನ್ನ?"

"ನನ್ನ. ಮತ್ತ್ಯಾರದಾರ ಇಲ್ಲಿ? ಪಲ್ಲೆಕ್ಕ ಉಪ್ಪು ಹಾಕಿಲ್ಲ ನೋಡ್ರಿ, ಬೇಕಂತ ಬಿಟ್ಟೀನಿ."

ಕನಕಪ್ಪ ಎದೆ ತುಂಬ ಉಸಿರೆಳೆದುಕೊಂಡ. ಹುಬ್ಬು ಗಂಟಿಕ್ಕಿದ. ಪಾರಮ್ಮ ಆಸೆಯಿಂದ ಮುಂದಕ್ಕೆ ಬಾಗಿದಳು. "ನೀ... ನೀ ಏನಂದ್ರ... ಉಪ್ಪು ಕಡಿಮಿ ಇದ್ರ ಬಿಪಿಗೆ ಛಲೋ ಅಂತಾರ" ಎಂದು ಅವನು ಮುಗಿಸಿದ. ಭುಜದ ಮೇಲೆ ಒಂದು ಎದ್ದಿತು. ಪಾರಮ್ಮ ಹಣೆ ಚಚ್ಚಿಕೊಂಡು ಕಂಬಳಿ ತಂದಳು.

ಮನೆಯಲ್ಲಿ ಸಿಟ್ಟಿನ ಹೊತ್ತು ತಪ್ಪುತ್ತಿರುವುದು ಓಣಿಗೆ ತಿಳಿಯಿತು. ಒಬ್ಬರ ಮನೆಯಲ್ಲಿ ಬಾಣಂತಿ ಇದ್ದರೆ ಹತ್ತು ಮನೆಯವರು ಖಾರದ ಪುಡಿ ಕುಟ್ಟಿಕೊಡುವ ಓಣಿ ಅದು. ಬೈಸಿಕೊಳ್ಳಲು ತಾನು ಬರುತ್ತೇನೆಂದು ಮೊದಲು ಬಂದವನು ಪಕ್ಕದ ಮನೆಯ ದರ್ಜಿ ಶಬ್ಬೀರಸಾಬ. ಸುಮ್ಮನೆ ಬೈಯೆಂದರೆ ಯಾರಿಗಾದರೂ ಕಷ್ಟ, ಕಾರಣ ಬೇಕಲ್ಲ ಎಂದು ಕಾರಣವನ್ನೂ ತಂದಿದ್ದ.

"ಕನಕಣ್ಣ, ನಿನ್ನ ನಿಚ್ಚಣಿಕಿ ಕಳುವಾತು ಅಂತ ಹುಡುಕಾಡಿದ್ದಿಯಲ್ಲಾ, ಅದನ್ನ ಒಯ್ದು ಮುರದಾಂವ ನಾನ. ಮುರದು ಒಲಿಗೆ ಹಾಕೀವಿ. ನಿನ್ನ ಕೂಡ ಹುಡುಕಾಡಾಕನೂ ಬಂದಿದ್ದೆ. ಈಗ ಮನಸಾರೆ ಬೈ."

"ಹಳೇ ನಿಚ್ಚಣಿಕಿ ಬಿಡು ಶಬ್ಬೀರಣ್ಣ" ಎಂದ ಕನಕಪ್ಪ. "ನಿನಗೇನೂ ಪೆಟ್ಟಾಗಲಿಲ್ಲಲ್ಲ?"

ಶಬ್ಬೀರಸಾಬನಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಅವನು ಹಗುರಾಗಿ ಮನೆಗೆ ಹೋದ, ಕನಕಪ್ಪನ ಬೆನ್ನು ದಪ್ಪಗಾಯಿತು. ಸುದ್ದಿ ಹರಡಿತು. ಮಧ್ಯಾಹ್ನದ ಊಟವಾಗುತ್ತಲೇ ಜನ ಕಟ್ಟೆಗೆ ಬಂದು ಸರದಿಯಲ್ಲಿ ಕೂರತೊಡಗಿದರು. ಒಬ್ಬಳು ಅವನ ಹಿತ್ತಲಿನ ನುಗ್ಗೆಕಾಯಿ ವರ್ಷಗಟ್ಟಲೆ ಹರಿದದ್ದನ್ನು ಹೇಳಿದಳು. ಒಬ್ಬ ಅವನ ಹೊಲದ ಬದು ಒಳಗೆ ಸರಿಸಿದ್ದನ್ನು ಹೇಳಿದ. ಅವನ ಮದುವೆ ತಪ್ಪಿಸಲು ಬೀಗರಿಗೆ ಚಾಡಿ ಹೇಳಿದ್ದ ಮುದುಕನೂ ಕೋಲೂರಿಕೊಂಡು ಬಂದ. ಕನಕಪ್ಪ ಎಲ್ಲರಿಗೂ "ಹೂಂ, ಇರ್ಲಿ ಬಿಡು" ಎಂದ. ಹೇಳಿಕೊಂಡವರ ಮೈಯೆಲ್ಲ ತಿಳಿಯಾಗುತ್ತ ಬಂತು. ಮುದುಕನ ಕಾಲಿನ ಹಳೆಯ ಇಸುಬು ಒಣಗಿತು. ನುಗ್ಗೆಕಾಯಿಯವಳ ಮುಖದ ಬಂಗು ತೆಳುವಾಯಿತು. ಇಡೀ ಓಣಿಯ ಮುಖಕ್ಕೆ ಕಳೆ ಬಂತು, ಕನಕಪ್ಪನಿಗೆ ಮಾತ್ರ ಅಂಗಿಯ ಗುಂಡಿ ಹಾಕಲು ಬರದಾಯಿತು.

ಪಾರಮ್ಮ ಅಷ್ಟಕ್ಕೇ ಬಿಡುವವಳಲ್ಲ. ಬೈಯುವುದನ್ನು ಕಲಿಯಲೆಂದು ಅವನನ್ನು ತಾವರಗೇರಾದ ಸಂತೆಗೆ, ಬದನೆಕಾಯಿ ಮಾರುವ ಯಮನೂರಮ್ಮನ ಬಳಿ ಕಳಿಸಿದಳು. ಯಮನೂರಮ್ಮ ಬಾಯಿ ಬಿಟ್ಟರೆ ಸಂತೆಯ ನಾಯಿಗಳೂ ದಾರಿ ಬದಲಿಸುತ್ತವೆ. ಆಕೆ ಹುಳುಕು ಬದನೆಕಾಯಿ ಕೈಗಿಟ್ಟು, "ಇದನ್ನ ಕೊಟ್ಟಾಕಿಗೆ ಏನಂತಿ, ಅನ್ನು" ಎಂದು ಪಾಠ ಶುರು ಮಾಡಿದಳು. ಸಂಜೆ ಕನಕಪ್ಪ ಚೀಲದ ತುಂಬ ಹುಳುಕು ಬದನೆಕಾಯಿ ಹೊತ್ತು ಮನೆಗೆ ಬಂದ.

"ಪಾಪ, ಮಾರಾಟ ಆಗಿರಲಿಲ್ಲ" ಎಂದ.

ಇಷ್ಟರಲ್ಲಿ ಹನುಮನಹಳ್ಳಿಯಿಂದ ಫೋನು ಬಂತು. ಸಹನಾ ಅವತ್ತು ಮನೆಯಲ್ಲೇ ಇದ್ದಳು.

"ತಮ್ಮಾ, ಬರೂ ಐತವಾರ ಹಿರಿಯರನ್ನ ಕರ್ಕೊಂಡು ಬರ್ತೀನಿ. ಎಲಿ-ಅಡಕಿ ಹಿಡಿದು ಮಾತು ಮುಗಿಸಿಬಿಡೂಣು."

"ಹೂಂ ಅಕ್ಕಾ."

ಫೋನು ಇಟ್ಟು ತಿರುಗಿದರೆ ಮಗಳು ಬಾಗಿಲಲ್ಲಿ ನಿಂತಿದ್ದಾಳೆ. ಅಳಲಿಲ್ಲ, ಕೂಗಾಡಲಿಲ್ಲ.

"ಅಪ್ಪಾ, ಡಾಕ್ಟರ್ ಹೇಳಿದ್ದು ನಮ್ಮವ್ವಗ ತಿಳಿದಿಲ್ಲ. ನೀ ಊರ ಮಂದಿಗೆಲ್ಲಾ ಬೈಯೂದು ಬ್ಯಾಡ. ಒಬ್ಬಾಕಿಗೆ ಒಂದು ಮಾತು ಹೇಳಿದ್ರ ಸಾಕಿತ್ತು."

"ಹೇಳ್ತೀನಿ ಅವ್ವಾ. ಐತವಾರ ಹೇಳ್ತೀನಿ."

"ಇರ್ಲಿ ಬಿಡು. ನಿನಗ ಆಗಲಿಲ್ಲಂದ್ರ ನಾನೂ ಹೂಂ ಅಂತೀನಿ. ನನಗೇನೂ ಬ್ಯಾಸರಿಲ್ಲ."

ಹೀಗೆಂದು ಆಕೆ ಒಳಗೆ ಹೋದಳು. ಹೋಗುವಾಗ ಎಡಗೈ ಮಣಿಕಟ್ಟನ್ನು ಪರಪರ ಕೆರೆದುಕೊಂಡಳು. ಕನಕಪ್ಪ ನೋಡಿದ. ವಾಚಿನ ಪಟ್ಟಿಯ ಕೆಳಗೆ, ಕಾಸಿನಗಲದ್ದೊಂದು, ಕೆಂಪಗೆ. ಹೊಲ, ಮನೆ ಕೊಡುವುದು ಬಿಟ್ಟು ಇದನ್ನು ಕೊಡುತ್ತಿದ್ದೇನಲ್ಲ ಮಗಳಿಗೆ ಎಂದು ಮೊದಲ ಸಲ ಅವನಿಗೆ ತನ್ನ ಮೇಲೆಯೇ ಸಿಟ್ಟು ಬಂತು. ಅದನ್ನೂ ನುಂಗಿದ.

ಐತವಾರ ಬಂತು. ಹನುಮನಹಳ್ಳಿಯ ಮಂದಿ ಕ್ರೂಸರ್ ಗಾಡಿಯಿಂದ ಇಳಿದರು. ಗಾಳೇಶನೂ ಬಂದಿದ್ದ, ಇಸ್ತ್ರಿ ಅಂಗಿಯಲ್ಲಿ, ಯಾರ ಮುಖವನ್ನೂ ನೋಡದೆ. ಪಡಸಾಲೆಯಲ್ಲಿ ಕರಿ ಕಂಬಳಿ ಹಾಸಲಾಯಿತು. ಅವರ ಮಂದಿಯಲ್ಲಿ ಹೆಣ್ಣು ಕೊಡುವ ಮಾತು ಕಂಬಳಿಯ ಮೇಲೆ ಕೂತೇ ಆಗಬೇಕು, ಅದರ ಮೇಲೆ ಆಡಿದ ಮಾತನ್ನು ಯಾರೂ ತಿರುಗಿಸುವಂತಿಲ್ಲ. ಮನೆಯಲ್ಲಿದ್ದದ್ದು ಅದೊಂದೇ ಕಂಬಳಿ. ಹಿರಿಯರು ಅದರ ಮೇಲೆ ಒತ್ತೊತ್ತಾಗಿ ಕೂತರು. ನಡುವೆ ಎಲೆ-ಅಡಕೆಯ ತಾಟು.

ಕನಕಪ್ಪ ಬೆಳಗಿನಿಂದ ಹಿತ್ತಲಲ್ಲಿ ನಿಂತು ನುಗ್ಗೆಮರಕ್ಕೆ ಒಲ್ಲೆ, ಒಲ್ಲೆ ಎಂದು ಹೇಳಿ ರೂಢಿ ಮಾಡಿಕೊಂಡಿದ್ದ. ಅಕ್ಕ ಬಾಗಿಲು ದಾಟಿ ಬಂದು, "ಸೊರಗೀಯಲ್ಲೋ ತಮ್ಮಾ" ಎಂದು ಅವನ ಕೆನ್ನೆ ಸವರಿದ್ದೇ ತಡ, ಕಲಿತದ್ದೆಲ್ಲ ಮರೆತುಹೋಯಿತು. ಬಂದು ಕೂತ.

"ಏನಪಾ ಕನಕಪ್ಪಾ, ಮಗಳನ್ನ ಅಕ್ಕನ ಮಗಗ ಕೊಟ್ಟಿಯೇನು?" ಎಂದರು ಹಿರಿಯರು.

ಒಳಕೋಣೆಯ ಬಾಗಿಲ ಹಿಂದೆ ಬಳೆ ಸದ್ದಾಯಿತು. ಕನಕಪ್ಪನಿಗೆ ಮಗಳ ಮಣಿಕಟ್ಟು ಕಣ್ಣಿಗೆ ಬಂತು. ಹೂಂ ಎನ್ನುವುದು ನಾಲಿಗೆಯ ಬುಡದಲ್ಲಿ ಎಂದಿನಂತೆ ತಯಾರಾಗಿ ನಿಂತಿತ್ತು. ಹೂಂ ಎನ್ನಲು ಬಾಯಿ ತೆರೆಯುವುದೂ ಬೇಕಿಲ್ಲ, ಅದೇ ಅದರ ಅಪಾಯ. ಒಲ್ಲೆ ಎನ್ನಲು ತೆರೆಯಲೇಬೇಕು. ಅವನು ತೆರೆಯಲು ಹೋದ, ಆಗಲಿಲ್ಲ. ಆಗಲೇ ಗಂಧೆ ಹೊಟ್ಟೆಯಿಂದ ಎದೆಗೆ, ಎದೆಯಿಂದ ಕುತ್ತಿಗೆಗೆ, ಅಲ್ಲಿಂದ ಮುಖಕ್ಕೆ ಏರಿತು. ತುಟಿಗಳು ಬೋಂಡದ ಹಾಗೆ ಉಬ್ಬಿ ಒಂದಕ್ಕೊಂದು ಅಂಟಿದವು. ಕಣ್ಣು ಗೆರೆಯಾದವು. ನಾಲಿಗೆಯ ಬುಡವೂ ಊದಿ, ಈಗ ಅವನಿಂದ ಹೂಂ ಅನ್ನಲೂ ಆಗುವಂತಿರಲಿಲ್ಲ.

"ಸಂತೋಷಕ್ಕ ಮುಖ ಅರಳೇತಿ" ಎಂದರು ಒಬ್ಬ ಹಿರಿಯರು. "ಒಪ್ಪಿಗಿ ಅಂತ ತಿಳಕೊಳ್ಳೂಣು."

"ಏ, ಏಳ್ರಿ ಎಲ್ಲಾರೂ" ಎಂದಳು ಮಾರೆವ್ವ. "ನನ್ನ ತಮ್ಮಗ ಗಂಧಿ ಎದ್ದಾವ. ಕಂಬಳಿ ಬಿಡ್ರಿ."

ಮಾತು ಮುಗಿಯುವ ಮುನ್ನ ಕಂಬಳಿಯಿಂದ ಏಳುವಂತಿಲ್ಲ ಎಂದು ಹಿರಿಯರು ಹೇಳುವಷ್ಟರಲ್ಲಿ ಆಕೆ ಒಂದು ತುದಿ ಹಿಡಿದು ಜಗ್ಗಿದ್ದಳು. ಹಿರಿಯರು ಒಬ್ಬರ ಮೇಲೊಬ್ಬರು ಉರುಳಿದರು, ಎಲೆ-ಅಡಕೆ ಪಡಸಾಲೆಯ ತುಂಬ ಚೆಲ್ಲಾಪಿಲ್ಲಿಯಾಯಿತು. ಮಾರೆವ್ವ ತಮ್ಮನನ್ನು ಎಳೆದು ಕೂಡಿಸಿಕೊಂಡು, ಮುಖ, ಕುತ್ತಿಗೆ, ಬೆನ್ನು ಎನ್ನದೆ ಉಜ್ಜತೊಡಗಿದಳು. ಐವತ್ತು ದಾಟಿದ ಗಂಡಸು, ಸರಕಾರಿ ನೌಕರ, ಬೀಗರೆಲ್ಲರ ಎದುರು ಕೂಸಿನಂತೆ ಕೂತಿದ್ದ.

"ಯಾಕೋ ತಮ್ಮಾ, ಸಣ್ಣಾಂವಿದ್ದಾಗ ಅಪ್ಪ ಬಡದಾಗ ಹಿಂಗ ಏಳ್ತಿದ್ದು" ಎಂದಳು, ಅವನಿಗಷ್ಟೇ ಕೇಳುವಂತೆ. "ಈಗ ಯಾರು ಬಡದ್ರು?"

ಆ ಕೇಳುವಿಕೆಯಲ್ಲಿ ಏನಿತ್ತೋ, ಕನಕಪ್ಪನ ಕಣ್ಣಿಂದ ದಳದಳ ನೀರಿಳಿಯಿತು. ತುಟಿ ಹಿಡಿತ ಬಿಟ್ಟವು.

"ಒಲ್ಲೆ ಅಕ್ಕಾ" ಎಂದ. "ಸಹನಾಗ ಮನಸಿಲ್ಲ. ನನಗೂ ಆಕಿ ಓದು ನಿಲ್ಲಿಸೂ ಮನಸಿಲ್ಲ. ಯುಗಾದಿ ದಿನಾನ ಹೇಳಬೇಕಿತ್ತು. ನೀ ನೊಂದುಕೊಂತಿ ಅಂತ ಅಂಜಿದೆ."

ಕನಕಪ್ಪನ ಮುಖದ ಊತ ಎಲ್ಲರೂ ನೋಡುತ್ತಿದ್ದಂತೆಯೇ ಇಳಿಯಿತು. ಕೆಲ ಹೊತ್ತಿನಲ್ಲಿ ಕುತ್ತಿಗೆ ತಿಳಿಯಾಯಿತು, ಅಂಗಿ ಸಡಿಲವಾಯಿತು. ಮೂಲೆಯಲ್ಲಿ ಗಾಳೇಶ ತಡೆದಿಟ್ಟ ಉಸಿರನ್ನು ಎಷ್ಟು ಜೋರಾಗಿ ಬಿಟ್ಟನೆಂದರೆ ದೇವರ ಮುಂದಿನ ದೀಪ ಅಲುಗಿತು.

ಮಾರೆವ್ವನ ಕೈ ನಿಂತಿತ್ತು. ಆಕೆ ಕಂಬಳಿಯನ್ನು ನಿಧಾನವಾಗಿ ಮಡಿಚಿದಳು.

"ಆತು ಬಿಡು ತಮ್ಮಾ. ಅದಕ್ಕೇನಾತು. ನನಗೇನೂ ಬ್ಯಾಸರಿಲ್ಲ."

ಕನಕಪ್ಪ ಅಕ್ಕನ ಕೈ ನೋಡಿದ. ಬಳೆಯಿಲ್ಲದ ಮಣಿಕಟ್ಟಿನ ಮೇಲ್ಗಡೆ, ಸುಕ್ಕುಗಟ್ಟಿದ ಚರ್ಮದ ಮೇಲೆ, ಒಂದು ಗಂಧೆ ಏಳುತ್ತಿತ್ತು. ಅದು ಅವನಿಗೆ ಗೊತ್ತಿದ್ದ ಗಂಧೆ. ಎದ್ದ ಜಾಗ ಮಾತ್ರ ಹೊಸದು.

"ಬೈ ಅಕ್ಕಾ" ಎಂದ.

"ನಾ ಯಾಕ ಬೈಲಿ? ನನಗೇನಾಗೇತಿ?"

ಅದರ ಪಕ್ಕದಲ್ಲಿ ಇನ್ನೊಂದು ಎದ್ದಿತು. ಪಾರಮ್ಮ ಒಳಗಿನಿಂದ ಧಾವಿಸಿ ಬಂದಳು. "ಖಾಲಿ ಹೊಟ್ಟೀಲೆ ಬ್ಯಾಡ್ರಿ ಅಕ್ಕಾರ. ಮೊದ್ಲ ಊಟ ಆಗಲಿ" ಎಂದು ಎಲ್ಲರಿಗೂ ಎಲೆ ಹಾಕಿಸಿದಳು. ಲಗ್ನದ ಮಾತು ಮುರಿದ ಮನೆಯಲ್ಲಿ ಉಣ್ಣುವುದು ಹೇಗೆಂದು ಹಿರಿಯರು ಗೊಣಗಿದರು, ಹೋಳಿಗೆ ಕಂಡು ಕೂತರು. ಮಾರೆವ್ವ ತಲೆ ತಗ್ಗಿಸಿ ಉಂಡಳು. ಕೈತೊಳೆದಳು. ಸೆರಗಿನಿಂದ ಬಾಯೊರೆಸಿಕೊಂಡು ತಮ್ಮನ ಎದುರು ಬಂದು ಕೂತಳು.

ಆಮೇಲೆ ಶುರು ಮಾಡಿದಳು. ಮೊದಲು ದನಿ ಮೆಲ್ಲಗಿತ್ತು, ಬರಬರುತ್ತ ಓಣಿಗೆಲ್ಲ ಕೇಳಿತು. ತಾನು ಬಿಟ್ಟ ಶಾಲೆಯನ್ನು ಹೇಳಿದಳು. ತಿಂದ ರೊಟ್ಟಿಯ ಅಂಚುಗಳನ್ನು ಹೇಳಿದಳು. ಗಂಡ ಸತ್ತಾಗ ತಮ್ಮ ಬಂದು ಮೂರನೆಯ ದಿನಕ್ಕೇ ಎದ್ದು ಹೋದದ್ದನ್ನು ಹೇಳಿದಳು. ಕನಕಪ್ಪ ಕಂಬಳಿ ಹಿಡಿದು ಅವಳ ಕೈ ಉಜ್ಜುತ್ತ ಕೇಳಿಸಿಕೊಂಡ, ಒಂದಕ್ಕೂ ಹೂಂ ಅನ್ನಲಿಲ್ಲ.

"ಕೇಳಿದ್ದಕ್ಕೆಲ್ಲಾ ಹೂಂ ಅಂದಿ" ಎಂದಳು ಕೊನೆಗೆ. "ನಿನಗ ಏನು ಬೇಕು, ಏನು ಬ್ಯಾಡ ಒಂದೂ ನನಗ ಹೇಳಲಿಲ್ಲ. ನಾ ನಿನ್ನ ಹೊತ್ತು ಬೆಳಸೀನಿ, ನನ್ನ ಕಂಡು ಅಂಜಿದಿ. ನಾ ಏನು ಹುಲಿ ಅದೀನೇನೋ?"

"ಅಲ್ಲ ಅಕ್ಕಾ" ಎಂದ ಕನಕಪ್ಪ. ಅಕ್ಕನ ಮಾತಿಗೆ ಅಲ್ಲ ಎಂದದ್ದು ಅದೇ ಮೊದಲು. ಮಾರೆವ್ವ ಬೈಯುವುದನ್ನು ನಿಲ್ಲಿಸಿ ಅತ್ತಳು. ಸಹನಾ ನೀರಿನ ತಂಬಿಗೆ ತಂದು ಅತ್ತೆಯ ಪಕ್ಕ ಕೂತಳು.

ಬಿಸಿಲು ಇಳಿದಾಗ ಕ್ರೂಸರಿನವನು ಹಾರ್ನ್ ಹೊಡೆದ. ಹಿರಿಯರು ಹತ್ತಿದರು, ಗಾಳೇಶ ಹತ್ತಿದ. ಮಾರೆವ್ವ ಹಿಡಿಕೆ ಹಿಡಿದು ಒಂದು ಕಾಲು ಮೇಲಿಟ್ಟಳು. ಕೈಮೇಲೆ ಇನ್ನೂ ಒಂದೆರಡು ಗಂಧೆ ಉಳಿದಿದ್ದವು.

"ಹೋಗಿ ಬರ್ತೀನಿ ತಮ್ಮಾ" ಎಂದಳು. ಇಷ್ಟು ವರ್ಷ ಆಕೆ ಹಾಗೆ ಹೇಳಿದಾಗಲೆಲ್ಲ ಅವನು ಹೂಂ ಎಂದು ಕಳಿಸಿಕೊಟ್ಟಿದ್ದ.

"ಒಲ್ಲೆ" ಎಂದ ಕನಕಪ್ಪ. "ಹೋಗಬ್ಯಾಡ. ರಾತ್ರಿ ಊಟಾದ ಮ್ಯಾಲಿಂದು ಇನ್ನೂ ಐತಿ."

ಮಾರೆವ್ವ ಅವನ ಮುಖವನ್ನೇ ನೋಡಿದಳು. ಆಮೇಲೆ ಮೇಲಿಟ್ಟ ಕಾಲನ್ನು ಕೆಳಗಿಟ್ಟು, ಕ್ರೂಸರಿನಿಂದ ತನ್ನ ಕೈಚೀಲ ಇಳಿಸಿಕೊಂಡಳು.